ಬೆಳಕಿಂಡಿಯ ತೂಬು

ಕಾರಿನ ಸೂರಿನಲ್ಲಿ ಒಂದು ಕಿಟಕಿ ಇರಬೇಕೆಂಬ ಆಸೆ ಮೊದಲು ಹುಟ್ಟಿದ್ದು ನನ್ನಲ್ಲಿ ಅಲ್ಲವೆಂಬುದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮ ದೇಶದಲ್ಲಿ ಸೂರ್ಯನನ್ನು ಕಾಣುವುದಕ್ಕಾಗಿ ಯಾರೂ ತಲೆಯ ಮೇಲೆ ಗಾಜು ಹಾಕಿಸಿಕೊಳ್ಳಬೇಕಾಗಿಲ್ಲ. ಬೇಡವೆಂದರೂ ಅವನು ಬೆಳಗಿನಿಂದ ಸಂಜೆಯವರೆಗೆ ನೆತ್ತಿಯ ಮೇಲೆಯೇ ಇರುತ್ತಾನೆ. ವರ್ಷದಲ್ಲಿ ಕೆಲವೇ ದಿನ ಬಿಸಿಲು ಕಾಣುವ ದೇಶಗಳ ಜನಕ್ಕೆ ಒಪ್ಪುವ ವಿಲಾಸವದು. ಅಮೆರಿಕದ ನ್ಯಾಶ್ ಕಂಪನಿಯವರು 1937ರಷ್ಟು ಹಿಂದೆಯೇ ಸೂರು ಸರಿಸಬಹುದಾದ ಕಾರನ್ನು ಮಾರಾಟಕ್ಕಿಟ್ಟಿದ್ದರು. ಅಲ್ಲಿಂದ ಹೊರಟ ಆ ಆಸೆ ಎಂಬತ್ತು ವರ್ಷಗಳಿಗೂ ಮಿಕ್ಕು ಪ್ರಯಾಣ ಮಾಡಿ, ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ನಡುವೆ ಇರುವ ನಮ್ಮ ಬೀದಿಯನ್ನು ತಲುಪಿ, ಎದುರುಮನೆಯವರ ಕಾರಿನ ನೆತ್ತಿಯ ಮೇಲೆ ಕುಳಿತು, ನನ್ನ ಮಕ್ಕಳ ಕಣ್ಣಿಗೆ ಬಿದ್ದಿತು. "ಸನ್‌ರೂಫ್ ಇಲ್ಲದಿದ್ದರೆ ಕಾರೇ ಬೇಡ" ಎಂದು ಇಬ್ಬರೂ ಒಂದೇ ಕಂಠದಿಂದ ಸಾರಿದರು. ಬೇರಾವ ವಿಷಯದಲ್ಲಿಯೂ ಒಂದಾಗದ ಮಕ್ಕಳು ಒಂದಾದಾಗ ತಂದೆಯಾದವನು ಸೋಲುವುದೇ ಮರ್ಯಾದೆ.

2021ರಲ್ಲಿ ಕಾರು ಬಂದಿತು. ಆರತಿ ಎತ್ತಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ್ದಾಯಿತು. ಎಂಬತ್ತು ವರ್ಷದ ನನ್ನ ತಂದೆಯವರು ಸುತ್ತಲೂ ಒಂದು ಪ್ರದಕ್ಷಿಣೆ ಬಂದು, ಮುಂದಿನ ಎಡಗಡೆಯ ಆಸನದಲ್ಲಿ ಕುಳಿತು, ತಲೆಯೆತ್ತಿ ನೋಡಿ, "ಓಹೋ, ಬೆಳಕಿಂಡಿ" ಎಂದರು. ಘಾಟಿ ಸುಬ್ರಹ್ಮಣ್ಯದ ಕಡೆ ನಮ್ಮ ಹಳ್ಳಿಯ ತೊಟ್ಟಿಮನೆಯಲ್ಲಿ, ಅಡುಗೆಮನೆಯ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿಯುವ ಬಿಸಿಲುಕೋಲು ಒಲೆಯ ಕಟ್ಟೆಯನ್ನು ಮುಟ್ಟಿತೆಂದರೆ ಊಟದ ಹೊತ್ತಾಯಿತೆಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಹಳ್ಳಿಯ ಶಾಲೆಯಲ್ಲಿಯೇ ಮೇಷ್ಟರಾಗಿದ್ದು ನಿವೃತ್ತರಾದ ತಂದೆಯವರು, ನಮ್ಮ ತಾಯಿ ತೀರಿಕೊಂಡ ಮೇಲೆ ನಮ್ಮೊಡನೆ ಇರಲು ಬಂದಿದ್ದರು. ಅಂದಿನಿಂದ ಆ ಎಡಗಡೆಯ ಆಸನ ಅವರದೇ ಆಯಿತು. ತಿಂಗಳಿಗೊಮ್ಮೆ ಷಷ್ಠಿಗೆ ಘಾಟಿಗೆ, ಆಗಾಗ ಕಣ್ಣಿನ ವೈದ್ಯರಲ್ಲಿಗೆ, ಎಂದಾದರೊಮ್ಮೆ ಹಳೆಯ ಶಿಷ್ಯರ ಮನೆಯ ಮದುವೆಗೆ ಅವರ ಸವಾರಿ ಹೊರಡುತ್ತಿತ್ತು.

2022ರ ಮಳೆಗಾಲವನ್ನು ನಮ್ಮ ಸೀಮೆಯವರು ಬೇಗ ಮರೆಯಲಾರರು. ಬೆಂಗಳೂರು ನಗರದಲ್ಲಿ ಆ ವರ್ಷ 1,700 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದು 2017ರ ದಾಖಲೆಯನ್ನು ಮುರಿಯಿತು. ಆ ಮಳೆಯಲ್ಲಿ ನನ್ನ ಕಾರು ಹಗಲೆಲ್ಲ ನಿಲ್ಲುತ್ತಿದ್ದುದು ದೇವನಹಳ್ಳಿಯಲ್ಲಿ, ನಮ್ಮ ಕಚೇರಿಯ ಪಕ್ಕದ ಇಳಿಜಾರು ರಸ್ತೆಯಲ್ಲಿ, ಒಂದು ಮುದಿ ಹುಣಸೆಮರದ ಕೆಳಗೆ. ಹುಣಸೆಮರದ ಕೆಳಗೆ ಮಲಗಬಾರದೆಂದು ಹಿರಿಯರು ಹೇಳಿದ್ದಾರೆಯೇ ಹೊರತು ಕಾರು ನಿಲ್ಲಿಸಬಾರದೆಂದು ಹೇಳಿಲ್ಲವಷ್ಟೆ! ಸಂಜೆ ಬಂದು ನೋಡಿದರೆ ಕಾರಿನ ಮೈತುಂಬ ಅಕ್ಷತೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಎಲೆಗಳು. ಮುಂದಿನ ಗಾಜಿನ ಮೇಲಿದ್ದುದನ್ನು ಕೈಯಿಂದ ಸವರಿ ಹೊರಟುಬಿಡುತ್ತಿದ್ದೆ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ನನ್ನಾಕೆ ಕಾರಿನ ಬಾಗಿಲು ತೆರೆದವಳೇ ಮೂಗಿಗೆ ಸೆರಗು ಹಿಡಿದು, "ರೀ, ಇದೇನಿದು ವಾಸನೆ?" ಎಂದಳು. ಒದ್ದೆ ಗೋಣಿಚೀಲವನ್ನು ಮೂಲೆಯಲ್ಲಿ ಮುದುರಿಟ್ಟರೆ ಬರುವಂಥ ಮುಗ್ಗಲು ವಾಸನೆ. ನೋಡಿದರೆ ಮುಂದಿನ ಎಡಗಡೆಯ ನೆಲಹಾಸು ಒದ್ದೆ. ಆಸನದ ಅಂಚೂ ತೇವ. ಬೇರೆಲ್ಲಿಯೂ ಒಂದು ಹನಿ ನೀರಿಲ್ಲ. ಗ್ಯಾರೇಜಿನವರು ಎ.ಸಿ. ಯಂತ್ರದ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿದೆಯೆಂದು ಅದನ್ನು ಶುದ್ಧಮಾಡಿ ಕೊಟ್ಟರು. ಒಂದು ವಾರದಲ್ಲಿ ಮತ್ತೆ ಒದ್ದೆ. ಮುಂದಿನ ಗಾಜಿನ ಅಂಚಿನಿಂದ ಸೋರುತ್ತಿರಬೇಕೆಂದು ಅಂಟು ಬಳಿದು ಕೊಟ್ಟರು, ಮತ್ತೆಯೂ ಒದ್ದೆ. ಅವರು ಕೊಟ್ಟ ಬಿಲ್ಲುಗಳು ಮಾತ್ರ ಒಣಗಿದ್ದವು. ಎಲ್ಲಕ್ಕಿಂತ ವಿಚಿತ್ರವೆಂದರೆ, ಭೋರೆಂದು ಮಳೆ ಹೊಯ್ಯುವಾಗ ಒಳಗೆ ಕುಳಿತು ಕಾದರೆ ಒಂದು ತೊಟ್ಟೂ ಇಳಿಯುತ್ತಿರಲಿಲ್ಲ. ಮರುದಿನ ಬಿಸಿಲು ಬಿದ್ದಾಗ, ಎಲ್ಲಿಗಾದರೂ ಹೋಗಿಬಂದ ಮೇಲೆ, ಆ ಒಂದೇ ಜಾಗ ನೆನೆದಿರುತ್ತಿತ್ತು. ಹಾಗಾದರೆ ಇದು ಮಳೆಯ ಕೆಲಸವಲ್ಲ ಎಂದು ನಾನು ತೀರ್ಮಾನಿಸಿದೆ. ಮಳೆಯ ಕೆಲಸವಲ್ಲದಿದ್ದರೆ ಮನುಷ್ಯನ ಕೆಲಸವಾಗಿರಬೇಕು. ಆ ಜಾಗದಲ್ಲಿ ಕೂರುವವರು ಯಾರು?

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಎಂಬತ್ತು ದಾಟಿದ ದೇಹ. ರಾತ್ರಿ ಎರಡು ಮೂರು ಸಲ ಎದ್ದು ಬಚ್ಚಲಿಗೆ ಹೋಗುವ ಸದ್ದು ನನಗೆ ಕೇಳಿಸುತ್ತಿತ್ತು. ಎರಡಕ್ಕೆ ಎರಡು ಕೂಡಿಸಿ ನಾಲ್ಕು ಮಾಡುವುದನ್ನು ನನಗೆ ಕಲಿಸಿದವರು ಅವರೇ. ಆ ಲೆಕ್ಕವನ್ನು ಅವರ ಮೇಲೆಯೇ ಹಾಕಿದೆ. ಬಾಯಿಬಿಟ್ಟು ಯಾರೂ ಏನನ್ನೂ ಹೇಳಲಿಲ್ಲ. ನಮ್ಮಂಥ ಮನೆಗಳಲ್ಲಿ ಕ್ರೂರವಾದ ಮಾತುಗಳನ್ನು ಯಾರೂ ಆಡುವುದಿಲ್ಲ; ಸಾಮಾನುಗಳ ಕೈಯಲ್ಲಿ ಆಡಿಸುತ್ತೇವೆ. ಪೇಟೆಬೀದಿಗೆ ಹೋಗಿ, ಊಟದ ಮೇಜಿಗೆ ಹಾಸುವ, ಗುಲಾಬಿ ಹೂಗಳ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆಯೊಂದನ್ನು ನಾನೇ ಕೊಂಡುತಂದೆ.

"ಬೇಡ ರೀ, ಮಾವ ಏನಂದುಕೊಂಡಾರು?" ಎಂದಳು ನನ್ನಾಕೆ.

"ಮಳೆಗಾಲವಲ್ಲವೇ, ಎಲ್ಲರಿಗೂ ಅಂತ ಹೇಳಿದರಾಯಿತು" ಎಂದೆ.

ಎಲ್ಲರಿಗೂ ಎಂದವನು ಹಾಳೆಯನ್ನು ಹಾಸಿದ್ದು ಒಂದೇ ಆಸನಕ್ಕೆ.

ಆ ತಿಂಗಳ ಷಷ್ಠಿಯ ಬೆಳಿಗ್ಗೆ ತಂದೆಯವರು ಬಾಗಿಲು ತೆರೆದು ಹಾಳೆಯನ್ನು ನೋಡಿದರು. ನನ್ನ ಮುಖವನ್ನು ನೋಡಲಿಲ್ಲ. ಪಂಚೆಯನ್ನು ಮೇಲಕ್ಕೆತ್ತಿ ಹಿಡಿದು, ಹಾಳೆ ಜಾರದಂತೆ ಎಚ್ಚರಿಕೆಯಿಂದ ಕುಳಿತರು. ಘಾಟಿಯ ದಾರಿಯುದ್ದಕ್ಕೂ ಯಾವ ಹೊಲದಲ್ಲಿ ರಾಗಿ ಹೇಗಿದೆ ಎಂದು ವರದಿ ಒಪ್ಪಿಸುತ್ತಿದ್ದವರು ಅಂದು ಒಂದು ಮಾತನ್ನೂ ಆಡಲಿಲ್ಲ. ಮುಂದಿನ ಷಷ್ಠಿಗೆ, "ನೀನು ರಜ ಹಾಕಬೇಡ, ಬಸ್ಸಿದೆ" ಎಂದು ಹೇಳಿ, ಕೊಡೆಯನ್ನು ಊರಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದರು. ನಾನು ತಡೆಯಲಿಲ್ಲ. ಮನಸ್ಸಿನ ಯಾವುದೋ ಮೂಲೆಯಲ್ಲಿ ಹಗುರವೇ ಆಯಿತೆಂಬುದನ್ನೂ ಒಪ್ಪಿಕೊಳ್ಳಬೇಕು.

ಹತ್ತು ದಿನ ಕಳೆದಿರಬಹುದು. ರಾತ್ರಿಯಿಡೀ ಚಿತ್ತಾ ಮಳೆ ಹೊಯ್ದು, ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ದೇವನಹಳ್ಳಿಗೆ ಒಬ್ಬನೇ ಹೊರಟಿದ್ದೆ. ದ್ರಾಕ್ಷಿತೋಟಗಳ ನಡುವಣ ಒಂದು ತಿರುವಿನಲ್ಲಿ ಕುರಿಮಂದೆ ರಸ್ತೆಗೆ ಅಡ್ಡಬಂದಿತು. ಬ್ರೇಕು ಒತ್ತಿದೆ. ಒತ್ತಿದೊಡನೆ ಎಡಗಡೆಯ ಬಾಗಿಲಿನ ಮೇಲೆ, ಒಳಸೂರಿನ ಬಟ್ಟೆಯ ಅಂಚಿನಿಂದ, ಒಂದು ಚೊಂಬಿನಷ್ಟು ತಣ್ಣೀರು ದಬಕ್ಕನೆ ಸುರಿದು ಆಸನದ ಮೇಲೆ ಬಿದ್ದಿತು. ಗುಲಾಬಿ ಹೂಗಳ ಮೇಲೆ ನಿಂತ ನೀರು ಬಿಸಿಲಿಗೆ ಹೊಳೆಯಿತು. ಆಸನದಲ್ಲಿ ಯಾರೂ ಇರಲಿಲ್ಲ.

ಕುರಿಗಳೆಲ್ಲ ದಾಟಿದವು. ಕುರಿ ಕಾಯುವ ಹುಡುಗ ಕೈಯೆತ್ತಿ, "ಹೋಗಿ ಸಾರ್" ಎಂದ. ನಾನು ಇನ್ನೂ ಅಲ್ಲಿಯೇ ನಿಂತಿದ್ದೆ.

ಕಚೇರಿಗೆ ಹೋಗಲಿಲ್ಲ. ಹಾಳೆಯನ್ನು ಮಡಿಸಿ ಡಿಕ್ಕಿಯಲ್ಲಿ ಹಾಕಿ ಮನೆಗೆ ಹಿಂದಿರುಗಿದೆ. ತಂದೆಯವರು ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದರು.

"ಅಪ್ಪ, ಕಾರು ಸೋರುತ್ತಿದೆ. ಮೇಲಿನಿಂದ."

"ಯಾವತ್ತಿನಿಂದ?"

"ಆಗಸ್ಟಿನಿಂದ."

ಅವರು ಪತ್ರಿಕೆಯನ್ನು ಮಡಿಸಿದರು. ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಸರಿ, ಸ್ಟೂಲು ತೊಗೊಂಡು ಬಾ" ಎಂದರು.

ನಾನು ಹಿಡಿದುಕೊಂಡಿದ್ದ ಸ್ಟೂಲಿನ ಮೇಲೆ ನಿಂತು, ಗಾಜನ್ನು ಹಿಂದಕ್ಕೆ ಸರಿಸಲು ಹೇಳಿ, ಅದರ ಸುತ್ತಲಿನ ಚೌಕಟ್ಟನ್ನು ಬೆರಳಿನಿಂದ ಸವರುತ್ತ ಬಂದರು. ಗಾಜಿನ ಸುತ್ತ, ಕಟ್ಟಿನೊಳಗೆ, ಬೆರಳಗಲದ ಒಂದು ಕಾಲುವೆ ಇತ್ತು. ಎಡಗಡೆಯ ಮುಂದಿನ ಮೂಲೆಯಲ್ಲಿ ನೀರು ಇನ್ನೂ ನಿಂತಿತ್ತು. "ನಾನು ಅಂದುಕೊಂಡಿದ್ದು ತಪ್ಪು ಕಣೋ. ಇದು ಬೆಳಕಿಂಡಿಯಲ್ಲ, ತೊಟ್ಟಿ. ಮೂಲೆ ಮೂಲೆಗೂ ತೂಬು ಇರಲೇಬೇಕು, ನೋಡು" ಎಂದರು.

ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಆ ಮನೆಯನ್ನು ಕಟ್ಟಿದವನು ಮಳೆಯನ್ನು ಹೊರಗೆ ತಡೆದು ನಿಲ್ಲಿಸಲು ಹೋಗಲಿಲ್ಲ, ನಡುಮನೆಗೇ ಬರಮಾಡಿಕೊಂಡ. ನಾಲ್ಕು ಕಡೆಯ ಹೆಂಚಿನಿಂದ ಇಳಿದ ನೀರು ತಗಡಿನ ದೋಣಿಗಳಲ್ಲಿ ಹರಿದು ತೊಟ್ಟಿಗೆ ಬಿದ್ದು, ಮೂಲೆಯ ತೂಬಿನಿಂದ ಹೊರಗಿನ ಮೋರಿಗೆ ಹೋಗುತ್ತಿತ್ತು. ಬರುವ ನೀರಿಗೆ ಹೋಗುವ ದಾರಿ ಇರುವವರೆಗೆ ಮನೆಗೆ ಯಾವ ಅಪಾಯವೂ ಇಲ್ಲ. ಪ್ರತಿ ವರ್ಷ ಭರಣಿ ಮಳೆಗೆ ಮೊದಲು ತಂದೆಯವರು ಏಣಿ ಹಾಕಿ ದೋಣಿಗಳ ಕಸ ತೆಗೆಯುತ್ತಿದ್ದರು. ಬಿದಿರುಕಡ್ಡಿಯಿಂದ ತೂಬನ್ನು ಆಡಿಸುವುದು ನನ್ನ ಪಾಲಿನ ಕೆಲಸ. ಒಂದು ವರ್ಷ ಆಟದ ಭರದಲ್ಲಿ ನಾನದನ್ನು ಮರೆತೆ. ರಾತ್ರಿ ಬಂದ ಮಳೆಗೆ ತೊಟ್ಟಿ ತುಂಬಿ, ನೀರು ಪಡಸಾಲೆಗೆ ಹತ್ತಿ, ಮೂಟೆ ಕಟ್ಟಿಟ್ಟಿದ್ದ ರಾಗಿ ನೆನೆದುಹೋಯಿತು. ಅಂದು ಅವರು ನನ್ನನ್ನು ಹೊಡೆಯಲಿಲ್ಲ. ಒಣಗಿಸುವಾಗ ಜೊತೆಯಲ್ಲಿ ಕೂರಿಸಿಕೊಂಡರು, ಅಷ್ಟೆ.

ಬೀದಿಯ ಕೊನೆಯ ಗ್ಯಾರೇಜಿನಿಂದ ಒಬ್ಬ ಹುಡುಗನನ್ನು ಕರೆತಂದೆ. ಅವನು ನೋಡಿದೊಡನೆ, "ತಾತ ಹೇಳಿದ್ದೇ ಸರಿ ಸಾರ್" ಎಂದು ಉಳಿದುದನ್ನು ವಿವರಿಸಿದ. ಸನ್‌ರೂಫಿನ ಗಾಜಿನ ಸುತ್ತ ಇರುವ ರಬ್ಬರು ನೀರನ್ನು ಪೂರ್ತಿಯಾಗಿ ತಡೆಯಲಾರದು. ಕಾರು ಮಾಡಿದವರೂ ಅದನ್ನು ನಂಬಿ ಕುಳಿತಿಲ್ಲ. ಒಳನುಗ್ಗಿದ ನೀರು ಕಾಲುವೆಗೆ ಇಳಿದು, ನಾಲ್ಕು ಮೂಲೆಗಳ ತೂತುಗಳಿಂದ ಕಿರುಬೆರಳಿಗಿಂತ ಸಣ್ಣ ಕೊಳವೆಗಳನ್ನು ಸೇರುತ್ತದೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಅಕ್ಕಪಕ್ಕದ ಕಂಬಗಳೊಳಗೆ ಇಳಿದು ಮುಂದಿನ ಗಾಲಿಗಳ ಹಿಂಬದಿಯಲ್ಲಿ ಬಾಯಿ ಬಿಡುತ್ತವೆ; ಹಿಂದಿನ ಎರಡು ಹಿಂಗಾಲಿಗಳ ಹತ್ತಿರ ಹೊರಬೀಳುತ್ತವೆ. ಬೇರೆ ಬೇರೆ ಕಾರುಗಳಲ್ಲಿ ಜಾಗ ತುಸು ಬೇರೆಯಾಗಬಹುದು. ಏರ್ಪಾಡು ಮಾತ್ರ ಒಂದೇ. ಕೊಳವೆ ಕಟ್ಟಿಕೊಂಡರೆ ಕಾಲುವೆ ತುಂಬುತ್ತದೆ. ನಿಂತ ಕಾರಿನಲ್ಲಿ ತುಂಬಿದ ತಟ್ಟೆಯಂತೆ ನೀರು ತೆಪ್ಪಗಿರುತ್ತದೆ. ಕಾರು ಓಡಿ, ತಿರುಗಿ, ಬ್ರೇಕು ಬಿದ್ದಾಗ ಅಂಚು ಮೀರಿ ಒಳಸೂರಿನ ಬಟ್ಟೆಯ ಮೇಲೆ ಚೆಲ್ಲುತ್ತದೆ. ಮಳೆ ಬಂದಾಗ ಸೋರದೆ ಬಿಸಿಲಲ್ಲಿ ಸೋರುವ ನನ್ನ ಒಗಟು ಇಷ್ಟೇ ಆಗಿತ್ತು. ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದ್ದರಿಂದ ಎಲೆಯ ಕಸವೆಲ್ಲ ಮುಂದಿನ ಮೂಲೆಗೇ ಸೇರಿತ್ತು.

ತಂದೆಯವರು ಚೊಂಬಿನಲ್ಲಿ ನೀರು ತರಿಸಿ, ಒಂದೊಂದು ಮೂಲೆಗೂ ಮೆಲ್ಲನೆ ಹೊಯ್ದು, ನನ್ನನ್ನು ಗಾಲಿಯ ಬಳಿ ಕೂರಿಸಿ, "ಬಂತೇನೋ?" ಎಂದು ಕೇಳಿದರು. ಬಲಗಡೆ ಮುಂದೆ ಬಂದಿತು. ಹಿಂದಿನ ಎರಡರಲ್ಲಿಯೂ ತಡವಾಗಿ, ಸಣ್ಣಗೆ ಬಂದಿತು. ಎಡಗಡೆ ಮುಂದೆ ಹೊಯ್ದ ನೀರು ಹೊಯ್ದಲ್ಲಿಯೇ ನಿಂತಿತು.

ನಾನು ಉತ್ಸಾಹದಿಂದ ಉಕ್ಕಿನ ತಂತಿಯೊಂದನ್ನು ಹಿಡಿದುಬಂದೆ. ಹುಡುಗ ಕೈ ಅಡ್ಡ ಹಿಡಿದ. "ತಂತಿ ಬೇಡ ಸಾರ್, ಕೊಳವೆ ತೂತಾಗುತ್ತೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಜೋರಾಗಿ ಹೊಡೆದರೂ ಒಳಗೆ ಎಲ್ಲೋ ಕೊಳವೆ ಕಳಚಿಕೊಳ್ಳುತ್ತೆ. ಆಮೇಲೆ ಕಂಬದ ಹೊದಿಕೆ ಬಿಚ್ಚಬೇಕು. ಅಲ್ಲಿ ಏರ್‌ಬ್ಯಾಗ್ ಇರುತ್ತೆ, ಮನೆಯಲ್ಲಿ ಮುಟ್ಟೋ ಕೆಲಸ ಅಲ್ಲ." ಅವನು ತಂದದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ. ಅದರ ತುದಿಯನ್ನು ಬೆಂಕಿಕಡ್ಡಿಯಿಂದ ಕಾಯಿಸಿ ಉಂಡೆ ಮಾಡಿ, ಮೇಲಿನ ತೂತಿನಿಂದ ತಿರುವುತ್ತ ತಿರುವುತ್ತ ಇಳಿಸಿದ. ಒಂದು ಮೊಳ ಹೋಗಿ ನಿಂತಿತು. ಬಲ ಹಾಕದೆ ಆಡಿಸಿದ. ಬಳಿಕ ಗಾಲಿಯ ಹಿಂದೆ ಕೈಹಾಕಿ, ಕೊಳವೆಯ ತುದಿಯಲ್ಲಿದ್ದ ಸೀಳುಬಾಯಿಯ ರಬ್ಬರನ್ನು ಹಿಸುಕಿ, ಕೆಳಗಿನಿಂದ ಕಸ ಹೀರುವ ಯಂತ್ರವನ್ನು ಹಿಡಿದ. ಕೆಂಪು ಧೂಳಿನಲ್ಲಿ ಕಲೆತು ಕೊಳೆತ ಹುಣಸೆ ಎಲೆಗಳ ಕರಿಯ ಮುದ್ದೆ, ಥೇಟು ಗೊಜ್ಜಿನ ಹಾಗೆ, ಹೊರಬಂದಿತು. ಹೆಬ್ಬೆರಳಿನಷ್ಟೂ ಇರಲಿಲ್ಲ. ತಂದೆಯವರು ಮತ್ತೆ ಒಂದು ಚೊಂಬು ಹೊಯ್ದರು. ನೀರು ಗಳಗಳನೆ ಹರಿದು ನನ್ನ ಕಾಲ ಬಳಿ ಬಿದ್ದಿತು.

ಹುಡುಗ ಇನ್ನೂರು ರೂಪಾಯಿ ತೆಗೆದುಕೊಂಡ. ಅಸಲು ಕೆಲಸ ಆಮೇಲೆ ಇತ್ತು. ನೆಲಹಾಸನ್ನು ಎತ್ತಿದರೆ ಅದರಡಿಯ ಎರಡು ಬೆರಳು ದಪ್ಪದ ಸ್ಪಂಜು ಕೊಳದಂತೆ ನೀರು ಕುಡಿದಿತ್ತು. ಮೇಲೆ ಒರೆಸಿದವರಿಗೆ ಅದು ತಿಳಿಯುವಂತೆಯೇ ಇರಲಿಲ್ಲ. ಆಸನದ ಕೆಳಗಿನ ತಂತಿಗಳ ಕೂಡಿಕೆಯಲ್ಲಿ ಹಸಿರು ಕಿಲುಬು ಹಿಡಿಯತೊಡಗಿತ್ತು. ಹುಡುಗ ಬ್ಯಾಟರಿಯ ತಂತಿ ಕಳಚಿ ಅದನ್ನು ಶುದ್ಧಮಾಡಿದ. ಈಗಿನ ಕಾರುಗಳ ವಿದ್ಯುತ್ ವ್ಯವಸ್ಥೆಯ ಸೂಕ್ಷ್ಮಭಾಗಗಳು ಅನೇಕ ವೇಳೆ ನೆಲದಲ್ಲಿಯೇ ಇರುವುದರಿಂದ, ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಇನ್ನೂರು ರೂಪಾಯಿ ಹೋಗುವ ಕಡೆ ಸಾವಿರಾರು ಹೋಗುತ್ತಿತ್ತೆಂದು ಎಚ್ಚರಿಸಿದ. ಸ್ಪಂಜಿನಡಿಗೆ ಹಳೆಯ ಪತ್ರಿಕೆಗಳನ್ನು ತುರುಕುವುದು, ನೆನೆದುದನ್ನು ತೆಗೆದು ಹೊಸದನ್ನಿಡುವುದು, ಬಾಗಿಲು ತೆರೆದು ಬಿಸಿಲು ಬಿಡುವುದು, ರಾತ್ರಿ ಫ್ಯಾನು ಹಾಕುವುದು, ಹೀಗೆ ಮೂರು ದಿನ ನಡೆಯಿತು. ಮೂರು ದಿನವೂ ತಂದೆಯವರು ನನ್ನ ಜೊತೆಯಲ್ಲಿ ಕುಳಿತರು.

ಮೂರನೆಯ ದಿನ ಸಂಜೆ ನನಗೆ ತಡೆಯಲಾಗಲಿಲ್ಲ. "ಅಪ್ಪ, ಆ ಪ್ಲಾಸ್ಟಿಕ್ ಹಾಳೆ..." ಎಂದು ಆರಂಭಿಸಿದೆ. ಮಾತು ಮುಂದೆ ಹೋಗಲಿಲ್ಲ.

ಅವರು ಪತ್ರಿಕೆಯ ಹಾಳೆಗಳನ್ನು ಬಿಡಿಸುತ್ತಲೇ ಹೇಳಿದರು: "ನಿನಗೆ ನಾಲ್ಕು ವರ್ಷ ತುಂಬುವ ತನಕ ನಿನ್ನ ಹಾಸಿಗೆಯಲ್ಲೂ ಒಂದು ರಬ್ಬರ್ ಹಾಳೆ ಇತ್ತು. ನೆಂಟರು ಬಂದರೆ ನಿಮ್ಮಮ್ಮ ಅದರ ಮೇಲೊಂದು ಹಳೆ ಸೀರೆ ಹಾಸಿಬಿಡೋಳು, ಯಾರ ಕಣ್ಣಿಗೂ ಬೀಳಬಾರದು ಅಂತ."

ಅಷ್ಟೇ. ಮತ್ತೆಂದೂ ಆ ವಿಷಯವನ್ನು ಅವರು ಎತ್ತಲಿಲ್ಲ.

ಕಾರು ಒಣಗಿದ ಮೇಲೆ ಮೊದಲ ಸವಾರಿ ಎಲ್ಲಿಗೆಂದು ಕೇಳಿದೆ. "ಅಪರಾಧಿಯ ಕುಲದವರನ್ನು ನೋಡಿಬರೋಣ" ಎಂದರು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋದೆವು. ಐವತ್ತಕ್ಕೂ ಹೆಚ್ಚು ಎಕರೆಗಳ ಅಲ್ಲಿನ ಹುಣಸೆತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು; ಇಡೀ ದೇಶದಲ್ಲಿ ಆ ಗೌರವ ಪಡೆದ ಮೊದಲ ಸ್ಥಳವದು. ಶಿಥಿಲವಾದ ಹಳೆಯ ಗುಡಿಗಳ ನಡುವೆ, ಶತಮಾನಗಳನ್ನು ಕಂಡ ಮರಗಳು ಬೊಡ್ಡೆ ಟೊಳ್ಳಾಗಿ, ಮೈ ತಿರುಚಿಕೊಂಡು, ಆದರೂ ತುದಿಯಲ್ಲಿ ಹಸಿರು ಚಿಗುರು ಹೊತ್ತು ನಿಂತಿವೆ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ತಂದೆಯವರ ಬಾಯಿಂದಲೇ ಕಲಿತಿದ್ದೆ. ಅರ್ಥವಾಗಲು ಅಷ್ಟು ವರ್ಷ ಬೇಕಾಯಿತು. ಕಾರನ್ನು ಮಾತ್ರ ಮರಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸಿದ್ದೆ.

ಹಿಂದಿರುಗುವಾಗ ತಂದೆಯವರಿಗೆ ಮಾತು ಮರಳಿತ್ತು. ನಮ್ಮ ಸೀಮೆಯ ಕೆರೆಗಳ ಕತೆ ಹೇಳುತ್ತ ಬಂದರು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆ ಇಳಿಯುವ ಅರ್ಕಾವತಿ, ಹೊಸಕೋಟೆಯ ದೊಡ್ಡಕೆರೆಗೆ ನೀರೂಡುವ ದಕ್ಷಿಣ ಪಿನಾಕಿನಿ, ಇವುಗಳ ದಾರಿಯಲ್ಲಿ ಸರಪಣಿಯಂತೆ ಕೆರೆಗಳು. ಪ್ರತಿ ಕೆರೆಗೂ ಒಂದು ತೂಬು, ಒಂದು ಕೋಡಿ. ಅವನ್ನು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ. ಕೆರೆ ಕಟ್ಟಿದ ರಾಜನ ಹೆಸರು ಶಾಸನದಲ್ಲಿರುತ್ತದೆ. ತೂಬಿನ ಕಸ ತೆಗೆದ ನೀರುಗಂಟಿಯ ಹೆಸರು ಎಲ್ಲಿಯೂ ಇರುವುದಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಜನ ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದದ್ದು ನಮ್ಮಿಬ್ಬರಿಗೂ ನೆನಪಾಯಿತು. ಅಲ್ಲಿಯೂ ರಾಜಕಾಲುವೆಗಳು ಮುಚ್ಚಿಹೋಗಿದ್ದವು. ಅಲ್ಲಿಯೂ ಎಲ್ಲರೂ ಮಳೆಯನ್ನೇ ಬೈದರು.

ಈಗ ನಮ್ಮ ಮನೆಯಲ್ಲಿ ಕಾರಿನ ನೀರುಗಂಟಿಯ ಹುದ್ದೆ ತಂದೆಯವರದು. ವರ್ಷಕ್ಕೆರಡು ಸಲ, ಭರಣಿಗೆ ಮೊದಲೊಮ್ಮೆ, ದೀಪಾವಳಿಯ ನಂತರ ಒಮ್ಮೆ, ಮಕ್ಕಳು ಗಾಜು ಸರಿಸಿ ಒದ್ದೆ ಬಟ್ಟೆಯಿಂದ ಕಾಲುವೆ ಒರೆಸುತ್ತಾರೆ. ನೈಲಾನ್ ದಾರ ನಾಲ್ಕು ತೂಬುಗಳಲ್ಲಿಯೂ ಇಳಿದು ಬರುತ್ತದೆ. ಅವರು ಜಗಲಿಯಲ್ಲಿ ಕುಳಿತು ಮೇಲ್ವಿಚಾರಣೆ ನಡೆಸುತ್ತಾರೆ. ಗುಲಾಬಿ ಹೂಗಳ ಹಾಳೆ ಹಿತ್ತಿಲಿನಲ್ಲಿ ತೆಂಗಿನಕಾಯಿಯ ರಾಶಿಯ ಮೇಲಿದೆ. ಬಿಸಾಡಲು ನನಗೆ ಮನಸ್ಸಾಗಿಲ್ಲ. ಷಷ್ಠಿಯ ಹಿಂದಿನ ಸಂಜೆ ನಾನು ಮೂಲೆ ಮೂಲೆಗೂ ಒಂದೊಂದು ಲೋಟ ನೀರು ಹೊಯ್ದು ಗಾಲಿಯ ಬಳಿ ಬಗ್ಗಿ ನೋಡುತ್ತೇನೆ. ಜಗಲಿಯಿಂದ ಪ್ರಶ್ನೆ ಬರುತ್ತದೆ:

"ಬಂತೇನೋ?"

"ಬಂತಪ್ಪ" ಎನ್ನುತ್ತೇನೆ.